ಹೊಗೆಗೂ ಆವಿಗೂ ಒಂದೇ ಕಾನೂನೇ? ನಗರಸಭೆಯ ಮುಂದೆ ವಿರೋಧ ದಾಖಲಿಸಿದ ಅನುಭವ

2019ರ ಶರತ್ಕಾಲದಲ್ಲಿ, ಅಮೆರಿಕದಲ್ಲಿ ನಾನು ನೆಲೆಸಿರುವ ನಗರದ ಆಡಳಿತವು ತನ್ನ ಧೂಮಪಾನ ನಿಷೇಧ ನಿಯಮಕ್ಕೆ ತಿದ್ದುಪಡಿಯೊಂದನ್ನು ತರಲು ಮುಂದಾಯಿತು. ಕರಡು ಚಿಕ್ಕದಾಗಿತ್ತು; ಅದರ ತಿರುಳೆಲ್ಲ ವ್ಯಾಖ್ಯೆಯ ಭಾಗದಲ್ಲಿದ್ದ ಒಂದೇ ವಾಕ್ಯದಲ್ಲಿ ಅಡಗಿತ್ತು. ಸಿಗರೇಟು, ಸಿಗಾರ್, ಪೈಪುಗಳನ್ನು ಹಚ್ಚಿ ಸೇದುವುದಕ್ಕೆ ಮಾತ್ರ ಅನ್ವಯಿಸುತ್ತಿದ್ದ ನಿಯಮದೊಳಗೆ ಇನ್ನು ಮುಂದೆ, ಏನನ್ನೂ ಉರಿಸದೆ ನಿಕೋಟಿನ್ ದ್ರವವನ್ನು ಬಿಸಿಮಾಡಿ ಅದರ ಆವಿಯನ್ನು ಸೇದುವ ಸಾಧನವಾದ ಇ-ಸಿಗರೇಟಿನ ಬಳಕೆಯೂ ಸೇರುತ್ತದೆ ಎಂದು ಆ ವಾಕ್ಯ ಹೇಳುತ್ತಿತ್ತು. ಆ ಒಂದು ಸೇರ್ಪಡೆಯಿಂದ ಹೋಟೆಲು, ಕಚೇರಿ, ಉದ್ಯಾನ, ಬಸ್ ನಿಲ್ದಾಣ, ಕಟ್ಟಡಗಳ ಬಾಗಿಲ ಮುಂದಿನ ಜಾಗ, ವಸತಿ ಸಮುಚ್ಚಯಗಳ ಸಾಮಾನ್ಯ ಪ್ರದೇಶಗಳೆಲ್ಲವೂ, ಕೊನೆಗೆ ಇ-ಸಿಗರೇಟನ್ನೇ ಮಾರುವ ಅಂಗಡಿಯ ಒಳಾಂಗಣವೂ, ಏಕಕಾಲಕ್ಕೆ ನಿಷೇಧಿತ ಸ್ಥಳಗಳಾಗುತ್ತಿದ್ದವು. ನಾನು ಇದನ್ನು ವಿರೋಧಿಸಿದೆ. ಪತ್ರ ಬರೆದು, ಸದಸ್ಯರನ್ನು ಕಂಡು, ಸಾರ್ವಜನಿಕ ಅಹವಾಲಿನಲ್ಲಿ ಮಾತಾಡಿ, ಬದಲಿ ಕರಡನ್ನು ಸಲ್ಲಿಸಿದ ಆ ಇಡೀ ಪ್ರಕ್ರಿಯೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ವಿರೋಧಿಸಲು ನನಗಿದ್ದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ದಶಕಗಳಿಗೂ ಹೆಚ್ಚು ಕಾಲ ನಾನು ಸಿಗರೇಟು ಸೇದಿದವನು. ನಿಕೋಟಿನ್ ಪಟ್ಟಿಯನ್ನು ತೋಳಿಗೆ ಅಂಟಿಸಿಕೊಂಡೆ, ನಿಕೋಟಿನ್ ಗಮ್ ಅಗಿದೆ, ವೈದ್ಯರ ಮಾತ್ರೆಯನ್ನೂ ನುಂಗಿದೆ. ಪ್ರತಿ ಬಾರಿಯೂ ಕೆಲವು ವಾರಗಳ ನಂತರ ಮತ್ತೆ ಸಿಗರೇಟಿಗೇ ಮರಳಿದೆ. ಇ-ಸಿಗರೇಟಿಗೆ ಬದಲಾಯಿಸಿಕೊಂಡ ಮೇಲೆ ಮಾತ್ರ ಆ ಮರಳುವಿಕೆ ನಿಂತಿತು. ಬೆಳಗಿನ ಕೆಮ್ಮು ಹೋಯಿತು, ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿತು. ಇದು ಒಬ್ಬನ ಅನುಭವ ಮಾತ್ರ ಎಂಬುದು ನನಗೆ ಗೊತ್ತು. ನಿಕೋಟಿನ್ ಚಟ ಹಿಡಿಸುವ ವಸ್ತು ಎಂಬುದರಲ್ಲಿಯೂ, ಸಿಗರೇಟನ್ನು ಎಂದೂ ಮುಟ್ಟದವರು, ಅದರಲ್ಲಿಯೂ ಮಕ್ಕಳು, ಈ ಸಾಧನವನ್ನು ಹಿಡಿಯಬಾರದು ಎಂಬುದರಲ್ಲಿಯೂ ನನಗೆ ಯಾವ ಸಂದೇಹವೂ ಇಲ್ಲ. ಆದರೆ ಸಿಗರೇಟನ್ನು ಬಿಡಲು ಹೆಣಗುತ್ತಿರುವ ವಯಸ್ಕನೊಬ್ಬನನ್ನು ಸಿಗರೇಟು ಸೇದುವವರ ಗುಂಪಿಗೇ ಹಿಂದಕ್ಕೆ ಕಳಿಸುವ ನಿಯಮವು ಅವನ ಆರೋಗ್ಯಕ್ಕೂ ಊರಿನ ಆರೋಗ್ಯಕ್ಕೂ ಕೆಡುಕು ಮಾಡುತ್ತದೆ ಎಂಬುದು ನನ್ನ ದೃಢವಾದ ನಿಲುವು.

ನಗರಸಭೆಯ ಕಾರ್ಯಸೂಚಿಯನ್ನು ಸಭೆಗೆ ಮುಂಚಿತವಾಗಿ ಪ್ರಕಟಿಸಬೇಕೆಂಬ ನಿಯಮ ಇಲ್ಲಿದೆ. ಅದರ ಜೊತೆಗೆ ಸಿಬ್ಬಂದಿ ಸಿದ್ಧಪಡಿಸಿದ ವರದಿಯೂ ಇರುತ್ತದೆ, ಮತ್ತು ಕರಡಿಗಿಂತ ಮುಖ್ಯವಾಗಿ ಓದಬೇಕಾದದ್ದು ಆ ವರದಿಯನ್ನೇ. ಏಕೆಂದರೆ ನಿಯಮ ಏಕೆ ಬೇಕು ಎಂಬ ಕಾರಣಗಳು ಅಲ್ಲಿರುತ್ತವೆ, ಮತ್ತು ಸದಸ್ಯರಲ್ಲಿ ಬಹುಪಾಲು ಜನ ಸಭೆಗೆ ಬರುವ ಮುನ್ನ ಓದುವುದು ಆ ಕಾರಣಗಳನ್ನು ಮಾತ್ರ. ನಮ್ಮ ವರದಿಯಲ್ಲಿ ಮೂರು ಕಾರಣಗಳಿದ್ದವು. ಅಕ್ಕಪಕ್ಕದವರ ಉಸಿರಿಗೆ ಅಪಾಯವಿದೆ ಎಂಬುದು ಮೊದಲನೆಯದು. ಸಾರ್ವಜನಿಕವಾಗಿ ಆವಿ ಬಿಡುವುದನ್ನು ಕಂಡರೆ ಧೂಮಪಾನವೇ ಮತ್ತೆ ಸಹಜವೆನಿಸಿಬಿಡುತ್ತದೆ ಎಂಬುದು ಎರಡನೆಯದು. ದೂರದಿಂದ ನೋಡುವ ಅಧಿಕಾರಿಗೆ ಸಿಗರೇಟು ಯಾವುದು, ಇ-ಸಿಗರೇಟು ಯಾವುದು ಎಂದು ತಿಳಿಯುವುದಿಲ್ಲವಾದ್ದರಿಂದ ಎರಡಕ್ಕೂ ಒಂದೇ ನಿಯಮವಿದ್ದರೆ ಜಾರಿ ಸುಲಭ ಎಂಬುದು ಮೂರನೆಯದು. ಇವುಗಳ ಜೊತೆಗೆ, ನ್ಯೂಜೆರ್ಸಿ ರಾಜ್ಯವು 2010ರಲ್ಲಿಯೇ, ನ್ಯೂಯಾರ್ಕ್ ನಗರವು 2013ರ ಡಿಸೆಂಬರಿನಲ್ಲಿ, ಶಿಕಾಗೊ ಮತ್ತು ಲಾಸ್ ಏಂಜಲೀಸ್ ನಗರಗಳು 2014ರಲ್ಲಿ ಇಂಥ ನಿಯಮಗಳನ್ನು ಮಾಡಿವೆ ಎಂಬ ಪಟ್ಟಿಯೂ ಇತ್ತು. ಬೇರೆಯವರು ಮಾಡಿದ್ದಾರೆ ಎಂಬುದು ಪೂರ್ವನಿದರ್ಶನವೇ ಹೊರತು ಸಾಕ್ಷ್ಯವಲ್ಲ ಎಂದು ನಾನು ಅಂಚಿನಲ್ಲಿ ಬರೆದುಕೊಂಡೆ; ನನ್ನ ಪತ್ರದ ಮೊದಲ ಅಂಶವೂ ಅದೇ ಆಯಿತು.

ಮೊದಲ ಕಾರಣಕ್ಕೆ ಉತ್ತರ ಹುಡುಕುವುದರಲ್ಲಿಯೇ ನನ್ನ ಹೆಚ್ಚಿನ ಸಮಯ ಕಳೆಯಿತು. ಧೂಮಪಾನದ ವಿರುದ್ಧದ ಒಳಾಂಗಣ ನಿಷೇಧ ಸುಮ್ಮನೆ ಬಂದದ್ದಲ್ಲ. ಪರೋಕ್ಷ ಧೂಮಪಾನದ ಬಗ್ಗೆ ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ 1986ರಲ್ಲಿ ಬಂತು. 2006ರ ವರದಿಯು ಪರೋಕ್ಷ ಹೊಗೆಗೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ಹೇಳಿತು. ಈ ದೇಶದಲ್ಲಿ ಧೂಮಪಾನದಿಂದ ವರ್ಷಕ್ಕೆ ಸಂಭವಿಸುವ ಸುಮಾರು 4,80,000 ಸಾವುಗಳಲ್ಲಿ ಸುಮಾರು 41,000 ಸಾವುಗಳು ಸ್ವತಃ ಸೇದದೆ ಇತರರ ಹೊಗೆ ಕುಡಿದವರದು ಎಂಬುದು ಸರ್ಕಾರದ್ದೇ ಅಂದಿನ ಅಂದಾಜು. ಅಂಥ ಸಾಕ್ಷ್ಯದ ಮೇಲೆ ನಿಂತ ಕಾನೂನನ್ನು ನಾನು ಮನಸಾರೆ ಒಪ್ಪುತ್ತೇನೆ. ಪ್ರಶ್ನೆ ಇರುವುದು, ಅದೇ ಬಗೆಯ ಸಾಕ್ಷ್ಯ ಇ-ಸಿಗರೇಟಿನ ಆವಿಯ ವಿಷಯದಲ್ಲಿಯೂ ಇದೆಯೇ ಎಂಬುದರಲ್ಲಿ. ಸಿಗರೇಟು ಬೆರಳ ನಡುವೆ ಸುಮ್ಮನೆ ಉರಿಯುತ್ತಿರುವಾಗಲೂ ಅದರ ತುದಿಯಿಂದ ಹೊಗೆ ಎದ್ದು ಕೋಣೆಯನ್ನು ತುಂಬುತ್ತದೆ. ಪರೋಕ್ಷ ಹೊಗೆಯ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಇ-ಸಿಗರೇಟಿನಲ್ಲಿ ಉರಿಯುವುದೇ ಇಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ ಮತ್ತು ನಿಕೋಟಿನ್ ಬೆರೆತ ದ್ರವ ಬಿಸಿಯಾಗಿ ಆವಿಯಾಗುತ್ತದೆ, ಮತ್ತು ಹೊರಗೆ ಬರುವುದು ಬಳಸುವವನು ಉಸಿರು ಬಿಟ್ಟಾಗ ಮಾತ್ರ. ಆ ತುಂತುರು ಗಾಳಿಯಲ್ಲಿ ಸಿಗರೇಟಿನ ಹೊಗೆಗಿಂತ ಬಹಳ ಬೇಗ ಕರಗಿಹೋಗುತ್ತದೆ.

ಆದರೆ ಅದರಲ್ಲಿ ಏನೂ ಇಲ್ಲ ಎಂದು ಹೇಳುವುದು ಸುಳ್ಳಾಗುತ್ತದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಅಕಾಡೆಮಿಗಳು 2018ರ ಜನವರಿಯಲ್ಲಿ ಪ್ರಕಟಿಸಿದ ದೊಡ್ಡ ವರದಿಯನ್ನು ನಾನು ಪೂರ್ತಿಯಾಗಿ ಓದಿದೆ. ಒಳಾಂಗಣದಲ್ಲಿ ಇ-ಸಿಗರೇಟು ಬಳಸಿದಾಗ ಗಾಳಿಯಲ್ಲಿ ಸೂಕ್ಷ್ಮ ಕಣಗಳ ಮತ್ತು ನಿಕೋಟಿನ್‌ನ ಪ್ರಮಾಣ ಹೆಚ್ಚುತ್ತದೆ ಎಂಬುದಕ್ಕೆ ನಿರ್ಣಾಯಕ ಸಾಕ್ಷ್ಯವಿದೆ ಎಂದು ಆ ವರದಿ ಹೇಳುತ್ತದೆ. ನಗರಸಭೆಯ ವರದಿ ಇದನ್ನು ಉಲ್ಲೇಖಿಸಿ ಅಲ್ಲಿಗೇ ನಿಲ್ಲಿಸಿತ್ತು. ಸಿಗರೇಟಿನ ಹೊಗೆಗೆ ಹೋಲಿಸಿದರೆ ಪಕ್ಕದವರಿಗೆ ತಗಲುವ ನಿಕೋಟಿನ್ ಮತ್ತು ಕಣಗಳ ಪ್ರಮಾಣ ಕಡಿಮೆ ಎಂದು ಅದೇ ಅಕಾಡೆಮಿಗಳ ವರದಿ ಹೇಳಿದ್ದನ್ನು ನಗರಸಭೆಯ ಸಿಬ್ಬಂದಿ ಬಿಟ್ಟಿದ್ದರು. ನಾನು ನನ್ನ ಪತ್ರದಲ್ಲಿ ಎರಡನ್ನೂ ಒಟ್ಟಿಗೆ ಇಟ್ಟೆ. ನಮಗೆ ಅನುಕೂಲವಾದ ಅರ್ಧವನ್ನು ಮಾತ್ರ ತೋರಿಸಿದರೆ ಇನ್ನರ್ಧವನ್ನು ಎದುರಿನವರು ತೋರಿಸುತ್ತಾರೆ, ಆಗ ನಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಬ್ರಿಟನ್ನಿನ ನಿಲುವನ್ನೂ ಸೇರಿಸಿದೆ. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯಾಗಿದ್ದ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ 2015ರಲ್ಲಿ ಇ-ಸಿಗರೇಟು ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿಕರ ಎಂದು ಅಂದಾಜಿಸಿತ್ತು. ಅಲ್ಲಿನ ವೈದ್ಯರ ಸಂಸ್ಥೆಯಾದ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ, ದೀರ್ಘಕಾಲದ ಬಳಕೆಯ ಹಾನಿಯು ಸಿಗರೇಟಿನ ಹಾನಿಯ ಶೇ. 5ನ್ನು ಮೀರುವ ಸಂಭವ ಕಡಿಮೆ ಎಂದಿತ್ತು. ಈ ಅಂಕಿಗಳನ್ನು ಪ್ರಶ್ನಿಸುವ ವಿಜ್ಞಾನಿಗಳೂ ಇದ್ದಾರೆ ಎಂಬುದನ್ನು ಪತ್ರದಲ್ಲಿಯೇ ಬರೆದಿದ್ದೆ.

ನಾನು ಹೀಗೆ ಕಾಗದಪತ್ರ ಕಲೆಹಾಕುತ್ತಿದ್ದ ಕಾಲವು ಈ ಮಾತನ್ನು ಆಡಲು ಅತ್ಯಂತ ಪ್ರತಿಕೂಲವಾಗಿತ್ತು. ಆ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಅಮೆರಿಕದಾದ್ಯಂತ ಯುವಕರು ತೀವ್ರ ಶ್ವಾಸಕೋಶದ ಗಾಯದಿಂದ ಆಸ್ಪತ್ರೆ ಸೇರುತ್ತಿದ್ದರು, ಮತ್ತು ಕಾರಣ ಇನ್ನೂ ಖಚಿತವಾಗದಿದ್ದರೂ ಸುದ್ದಿಯ ಶೀರ್ಷಿಕೆಗಳಲ್ಲಿ ಇ-ಸಿಗರೇಟು ಎಂದೇ ಇರುತ್ತಿತ್ತು. ಅದೇ ಸೆಪ್ಟೆಂಬರ್ 18ರಂದು ಭಾರತ ಸರ್ಕಾರವು ಸುಗ್ರೀವಾಜ್ಞೆಯ ಮೂಲಕ ಇ-ಸಿಗರೇಟಿನ ಉತ್ಪಾದನೆ, ಆಮದು, ಮಾರಾಟ, ಜಾಹೀರಾತುಗಳನ್ನು ನಿಷೇಧಿಸುವ ನಿರ್ಧಾರ ಪ್ರಕಟಿಸಿತು. ಆ ದಿನಗಳಲ್ಲಿ ತವರಿನಿಂದ ದೂರವಾಣಿ ಮಾಡಿದ ಬಂಧುಗಳು, ಇಲ್ಲಿ ಪೂರ್ತಿ ನಿಷೇಧಿಸಿದ್ದನ್ನು ನೀನು ಅಲ್ಲಿ ನಿಂತು ಏಕೆ ಸಮರ್ಥಿಸುತ್ತಿದ್ದೀಯ ಎಂದು ಕಳವಳದಿಂದ ಕೇಳಿದರು. ಸಿಗರೇಟು ಎಲ್ಲೆಡೆ ಸಿಗುತ್ತಿರುವಾಗ ಅದಕ್ಕಿಂತ ಕಡಿಮೆ ಹಾನಿಯದನ್ನು ಮಾತ್ರ ಮುಚ್ಚುವುದು ನನಗೆ ಸರಿಕಾಣುವುದಿಲ್ಲ ಎಂದು ಅವರಿಗೆ ಹೇಳಿದೆ. ಆ ಪ್ರಶ್ನೆ ದೊಡ್ಡದು. ನಮ್ಮ ನಗರಸಭೆಯ ಮುಂದಿದ್ದದ್ದು ಅದಕ್ಕಿಂತ ಚಿಕ್ಕದು, ಎಲ್ಲಿ ಬಳಸಬಹುದು ಎಂಬುದು ಮಾತ್ರ.

ಪತ್ರವನ್ನು ನಗರಸಭೆಯ ಕಾರ್ಯದರ್ಶಿಗೆ ಕಳಿಸಿ, ಅದನ್ನು ಅಧಿಕೃತ ಕಡತಕ್ಕೆ ಸೇರಿಸಬೇಕೆಂದು ಲಿಖಿತವಾಗಿ ಕೋರಿದೆ. ಈ ಕೋರಿಕೆ ಮುಖ್ಯ. ಸದಸ್ಯರಿಗೆ ನೇರವಾಗಿ ಕಳಿಸಿದ ಪತ್ರ ಅವರ ಕಚೇರಿಯಲ್ಲಿಯೇ ಉಳಿದುಬಿಡಬಹುದು. ಕಡತಕ್ಕೆ ಸೇರಿದ ಪತ್ರವನ್ನು ನಗರ ವಕೀಲರೂ ಓದಬೇಕಾಗುತ್ತದೆ, ಮುಂದೆ ವಿವಾದ ಎದ್ದರೆ ಅದು ದಾಖಲೆಯಾಗಿಯೂ ನಿಲ್ಲುತ್ತದೆ. ನಂತರ ನನ್ನ ವಾರ್ಡಿನ ಸದಸ್ಯೆಯನ್ನು ಭೇಟಿಯಾಗಲು ಸಮಯ ಕೇಳಿದೆ. ಅವರು ಕರಡಿಗೆ ಬೆಂಬಲ ಸೂಚಿಸಿದವರಲ್ಲಿ ಒಬ್ಬರು. ಕುಳಿತ ತಕ್ಷಣ ಅವರು ಕೇಳಿದ್ದು, ನಿಮ್ಮನ್ನು ಯಾವುದಾದರೂ ಕಂಪನಿ ಕಳಿಸಿದೆಯೇ ಎಂದು. ಆ ಪ್ರಶ್ನೆಯಿಂದ ನನಗೆ ನೋವಾಗಲಿಲ್ಲ. ತಂಬಾಕು ಕಂಪನಿಗಳು ದಶಕಗಳ ಕಾಲ ಹೇಳಿದ ಸುಳ್ಳುಗಳ ನಂತರ ಆ ಪ್ರಶ್ನೆಯನ್ನು ಕೇಳದ ಜನಪ್ರತಿನಿಧಿಯೇ ಕರ್ತವ್ಯ ಮರೆತವರು. ಯಾರಿಂದಲೂ ಹಣ ಪಡೆದಿಲ್ಲ, ಯಾವ ಅಂಗಡಿಯಲ್ಲಿಯೂ ಪಾಲಿಲ್ಲ ಎಂದು ಹೇಳಿ, ಅದನ್ನೇ ಬರಹದಲ್ಲಿಯೂ ಕೊಟ್ಟೆ.

ಆ ಭೇಟಿಯಲ್ಲಿ ಅವರು ಕೇಳಿದ ಇನ್ನೊಂದು ಪ್ರಶ್ನೆ ಮುಂದಿನ ನನ್ನ ಎಲ್ಲ ಕೆಲಸದ ದಿಕ್ಕನ್ನು ನಿರ್ಧರಿಸಿತು. ನೀವು ಈ ಕರಡನ್ನು ಒಪ್ಪುವುದಿಲ್ಲ ಸರಿ, ಆದರೆ ಅದರ ಜಾಗದಲ್ಲಿ ಯಾವ ವಾಕ್ಯ ಇರಬೇಕು ಎಂದು ನನಗೆ ಬರೆದುಕೊಡಬಲ್ಲಿರಾ ಎಂದು ಅವರು ಕೇಳಿದರು. ಬೇಡ ಎಂದು ಹೇಳುವವರು ತಮಗೆ ದಿನವೂ ಸಿಗುತ್ತಾರೆ, ವಾಕ್ಯ ತರುವವರು ಸಿಗುವುದಿಲ್ಲ ಎಂದೂ ಹೇಳಿದರು. ನಾನು ಮನೆಗೆ ಬಂದು ಕರಡಿನ ಪಕ್ಕದಲ್ಲಿ ಬದಲಿ ಪಠ್ಯವನ್ನು ಬರೆಯಲು ಕುಳಿತೆ. ಇ-ಸಿಗರೇಟಿಗೆ ಧೂಮಪಾನದಿಂದ ಪ್ರತ್ಯೇಕವಾದ ವ್ಯಾಖ್ಯೆ ಇರಬೇಕು; ಹೊರಾಂಗಣದ ನಿಷೇಧವನ್ನು ಪೂರ್ತಿ ಕೈಬಿಡಬೇಕು; ವಯಸ್ಕರಿಗೆ ಮಾತ್ರ ಪ್ರವೇಶವಿರುವ ಇ-ಸಿಗರೇಟು ಅಂಗಡಿಗಳಿಗೆ ವಿನಾಯಿತಿ ಬೇಕು; ಒಳಾಂಗಣದಲ್ಲಿ ಅನುಮತಿ ಕೊಡುವುದೋ ಬೇಡವೋ ಎಂಬ ತೀರ್ಮಾನ ಆಯಾ ಕಟ್ಟಡದ ಮಾಲೀಕರದ್ದಾಗಿರಬೇಕು; ಶಾಲೆ ಮತ್ತು ಮಕ್ಕಳ ಆಟದ ಜಾಗಗಳಲ್ಲಿ ನಿಷೇಧ ಇರಲಿ. ಸ್ವತಃ ಬಳಸುವವನೇ ಶಾಲೆಗಳಲ್ಲಿ ನಿಷೇಧವಿರಲಿ ಎಂದು ಬರೆದದ್ದು ಕೆಲವು ಸಂಗಾತಿಗಳಿಗೆ ಹಿಡಿಸಲಿಲ್ಲ. ನನಗೆ ಅದು ಕೊಡುಕೊಳ್ಳುವ ತಂತ್ರವಾಗಿರಲಿಲ್ಲ; ಅದು ಸರಿ ಎಂದೇ ನಾನು ನಂಬುತ್ತೇನೆ.

ಸಂಗಾತಿಗಳ ಬಗ್ಗೆಯೂ ಹೇಳಬೇಕು. ಊರಿನ ಇ-ಸಿಗರೇಟು ಅಂಗಡಿಯ ಮಾಲೀಕರೊಬ್ಬರು, ಶ್ವಾಸಕೋಶ ರೋಗಿಗಳ ಜೊತೆ ಕೆಲಸ ಮಾಡಿ ನಿವೃತ್ತರಾದ ದಾದಿಯೊಬ್ಬರು, ಲಾರಿ ಚಾಲಕರೊಬ್ಬರು, ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿ ವಾಸಿಸುವ ಹಿರಿಯರೊಬ್ಬರು ಸೇರಿ ಚಿಕ್ಕ ಗುಂಪು ಕೂಡಿತು. ಯಾರು ಏನನ್ನು ಹೇಳಬೇಕು ಎಂಬುದಕ್ಕಿಂತ ಏನನ್ನು ಹೇಳಬಾರದು ಎಂಬ ಬಗ್ಗೆಯೇ ಹೆಚ್ಚು ಚರ್ಚೆಯಾಯಿತು. ಬರಿಯ ನೀರಾವಿ ಎಂಬ ಮಾತನ್ನು ಯಾರೂ ಆಡಬಾರದೆಂದು ನಾನು ಪಟ್ಟು ಹಿಡಿದೆ, ಏಕೆಂದರೆ ಅದು ನಿಜವಲ್ಲ. ಸಭಾಂಗಣದಲ್ಲಿಯೇ ಸಾಧನವನ್ನು ಹೊರತೆಗೆದು ಬಳಸಿ ತೋರಿಸೋಣ, ಯಾರಿಗೂ ಏನೂ ಆಗುವುದಿಲ್ಲವೆಂದು ಸಾಬೀತಾಗುತ್ತದೆ ಎಂದು ಒಬ್ಬರು ಹೇಳಿದರು. ಅದನ್ನು ನಾನು ಬಲವಾಗಿ ವಿರೋಧಿಸಿದೆ. ಪಕ್ಕದವರ ಅನುಮತಿ ಕೇಳದೆ ಆವಿ ಬಿಡುವವರ ಚಿತ್ರವನ್ನೇ ಸದಸ್ಯರು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಿರುವಾಗ, ಆ ಚಿತ್ರವನ್ನು ನಾವೇ ಅವರ ಕಣ್ಣ ಮುಂದೆ ಇಡುವುದು ಎಷ್ಟು ಸರಿ? ನಿವೃತ್ತ ದಾದಿಯವರು ನನ್ನ ಪರವಾಗಿ ಮಾತಾಡಿದ ಮೇಲೆ ಆ ಯೋಚನೆ ಬಿದ್ದುಹೋಯಿತು.

ಅಹವಾಲಿನ ದಿನ ಸಭಾಂಗಣ ತುಂಬಿತ್ತು. ಬಾಗಿಲ ಬಳಿ ಹೆಸರು ಬರೆದು, ಪರ ಅಥವಾ ವಿರೋಧ ಎಂದು ಗುರುತು ಹಾಕಿ ಚೀಟಿ ಕೊಡಬೇಕು. ಕರೆದಾಗ ಎದ್ದು ಹೋಗಿ ಧ್ವನಿವರ್ಧಕದ ಮುಂದೆ ನಿಂತು ಮಾತಾಡಬೇಕು. ತಲಾ ಮೂರು ನಿಮಿಷ ಎಂದು ಪ್ರಕಟಿಸಿದ್ದ ಕಾಲಾವಧಿಯನ್ನು, ಚೀಟಿಗಳ ರಾಶಿ ನೋಡಿದ ಮೇಯರ್ ಎರಡಕ್ಕೆ ಇಳಿಸಿದರು. ಕರಡಿನ ಪರವಾಗಿ ಮಾತಾಡಿದವರನ್ನು ನಾನು ಗಮನವಿಟ್ಟು ಕೇಳಿದೆ, ಮತ್ತು ಅವರಲ್ಲಿ ಕೆಲವರ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಪ್ರೌಢಶಾಲೆಯ ಮುಖ್ಯಸ್ಥರೊಬ್ಬರು ಶೌಚಾಲಯಗಳಲ್ಲಿ ಸಿಗುವ ಸಾಧನಗಳ ಬಗ್ಗೆ ಹೇಳಿದರು. ಆ ವರ್ಷದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ಪೈಕಿ ಶೇ. 27.5ರಷ್ಟು ಮಂದಿ ಇ-ಸಿಗರೇಟು ಬಳಸುತ್ತಿದ್ದುದಾಗಿ ಕಂಡುಬಂದಿತ್ತು, ಅದು ಯಾರನ್ನಾದರೂ ಬೆಚ್ಚಿಬೀಳಿಸುವ ಅಂಕಿ. ಮಕ್ಕಳ ವೈದ್ಯರೊಬ್ಬರು ಹದಿಹರೆಯದ ಮೆದುಳಿನ ಮೇಲೆ ನಿಕೋಟಿನ್ ಮಾಡುವ ಪರಿಣಾಮವನ್ನು ವಿವರಿಸಿದರು. ಆಸ್ತಮಾ ಇರುವ ಮಗುವಿನ ತಾಯಿಯೊಬ್ಬರು, ಹೋಟೆಲಿನಲ್ಲಿ ಪಕ್ಕದ ಮೇಜಿನಿಂದ ಬಂದ ದಟ್ಟ ಆವಿಯಿಂದಾಗಿ ಊಟ ಬಿಟ್ಟು ಎದ್ದುಹೋಗಬೇಕಾಯಿತು ಎಂದು ಹೇಳುವಾಗ ಅವರ ಧ್ವನಿ ನಡುಗುತ್ತಿತ್ತು.

ನನ್ನ ಸರದಿ ಬಂದಾಗ ಮೂರು ನಿಮಿಷಕ್ಕೆ ಬರೆದುಕೊಂಡಿದ್ದರಲ್ಲಿ ಒಂದು ಭಾಗವನ್ನು ಬಿಟ್ಟು, ಆ ತಾಯಿಯ ಮಾತಿನಿಂದಲೇ ಶುರು ಮಾಡಿದೆ. ಅವರ ಮೇಜಿನ ಪಕ್ಕದಲ್ಲಿ ಹಾಗೆ ನಡೆದುಕೊಂಡದ್ದು ತಪ್ಪು, ಹೋಟೆಲಿನವರು ಅದನ್ನು ತಡೆಯಬೇಕಿತ್ತು, ತಡೆಯುವ ಅಧಿಕಾರ ಅವರಿಗೆ ಇಂದೂ ಇದೆ ಎಂದೆ. ಆದರೆ ನಿಮ್ಮ ಮುಂದಿರುವ ಕರಡು ಹೋಟೆಲಿನ ಮೇಜಿಗೆ ನಿಲ್ಲದೆ, ಬಯಲಿನಲ್ಲಿರುವ ಉದ್ಯಾನಕ್ಕೂ ಖಾಲಿ ಬೀದಿಗೂ ಹೋಗುತ್ತದೆ. ಆ ಕರಡು ಜಾರಿಯಾದರೆ, ಕಚೇರಿಯ ವಿರಾಮದಲ್ಲಿ ನಾನು ನಿಲ್ಲಬಹುದಾದ ಏಕೈಕ ಜಾಗ ಸಿಗರೇಟು ಸೇದುವವರಿಗೆಂದು ಗುರುತಿಸಿದ ಮೂಲೆ. ಕುಡಿತ ಬಿಟ್ಟವನನ್ನು ದಿನಕ್ಕೆ ನಾಲ್ಕು ಬಾರಿ ಹೆಂಡದಂಗಡಿಯೊಳಗೆ ನಿಲ್ಲಿಸಿದಂತೆ ಅದು. ಸಿಗರೇಟಿನ ವಾಸನೆ, ಕೈಗೆ ಸಿಗುವಂತಿರುವ ಪೊಟ್ಟಣ, ಒಂದೇ ಒಂದು ಸೇದು ಎನ್ನುವ ಸ್ನೇಹಿತ, ಎಲ್ಲವೂ ಅಲ್ಲಿರುತ್ತವೆ. ಪರೋಕ್ಷ ಹೊಗೆಯಿಂದ ಜನರನ್ನು ಕಾಪಾಡಲೆಂದೇ ಹುಟ್ಟಿದ ನಿಯಮವು ಸಿಗರೇಟು ಬಿಟ್ಟವನಿಗೆ ಪರೋಕ್ಷ ಹೊಗೆಯನ್ನು ಕಡ್ಡಾಯ ಮಾಡುತ್ತದೆ. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ 2016ರಲ್ಲಿ ಸಾರ್ವಜನಿಕ ಸ್ಥಳ ಮತ್ತು ಉದ್ಯೋಗಸ್ಥಳಗಳಿಗೆ ಕೊಟ್ಟ ಮಾರ್ಗದರ್ಶನದಲ್ಲಿ, ಇ-ಸಿಗರೇಟು ಬಳಸುವವರನ್ನು ಧೂಮಪಾನಿಗಳ ಜಾಗಕ್ಕೇ ತಳ್ಳಬಾರದು ಎಂದು ಹೇಳಿದ್ದು ಇದೇ ಕಾರಣಕ್ಕೆ ಎಂದು ತಿಳಿಸಿ, ಅದರ ಪ್ರತಿಯನ್ನು ಕಾರ್ಯದರ್ಶಿಗೆ ಕೊಟ್ಟೆ.

ಹಿರಿಯ ಸದಸ್ಯರೊಬ್ಬರು ನನ್ನನ್ನು ಅಲ್ಲಿಯೇ ನಿಲ್ಲಿಸಿ ಪ್ರಶ್ನಿಸಿದರು. ಇದು ಸಿಗರೇಟು ಬಿಡಿಸುತ್ತದೆ ಎಂಬುದಕ್ಕೆ ನಿಮ್ಮ ಸ್ವಂತ ಕಥೆಯ ಆಚೆಗೆ ಪುರಾವೆ ಇದೆಯೇ ಎಂದು ಕೇಳಿದರು. ಆ ವರ್ಷದ ಆರಂಭದಲ್ಲಿಯೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನವನ್ನು ಹೇಳಿದೆ. ಧೂಮಪಾನ ಬಿಡಿಸುವ ಸರ್ಕಾರಿ ಕೇಂದ್ರಗಳಿಗೆ ಬಂದ 886 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಟ್ಟಿ, ಗಮ್ ಮುಂತಾದ ನಿಕೋಟಿನ್ ಬದಲಿಗಳನ್ನೂ ಇನ್ನೊಂದಕ್ಕೆ ಇ-ಸಿಗರೇಟನ್ನೂ ಕೊಟ್ಟು, ಇಬ್ಬರಿಗೂ ಆಪ್ತ ಸಲಹೆ ನೀಡಲಾಗಿತ್ತು. ಒಂದು ವರ್ಷದ ಕೊನೆಗೆ ಸಿಗರೇಟಿನಿಂದ ದೂರ ಉಳಿದವರು ಮೊದಲ ಗುಂಪಿನಲ್ಲಿ ಶೇ. 9.9, ಎರಡನೆಯದರಲ್ಲಿ ಶೇ. 18. ಆಗ ಅವರು, ಹಾಗೆ ಬಿಟ್ಟವರಲ್ಲಿ ಹೆಚ್ಚಿನವರು ಇ-ಸಿಗರೇಟನ್ನೇ ಮುಂದುವರಿಸಿದ್ದರಲ್ಲವೇ ಎಂದು ಮರುಪ್ರಶ್ನೆ ಹಾಕಿದರು. ಹೌದು, ಶೇ. 80ರಷ್ಟು ಜನ ಮುಂದುವರಿಸಿದ್ದರು, ನಾನೂ ಮುಂದುವರಿಸಿದ್ದೇನೆ, ಮತ್ತು ನಾವು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಹುಟ್ಟುವುದೇ ಅದರಿಂದ ಎಂದು ಉತ್ತರಿಸಿದೆ. ಅಷ್ಟು ಹೊತ್ತಿಗೆ ಸಮಯ ಮುಗಿಯಿತೆಂದು ತಿಳಿಸುವ ಕೆಂಪು ದೀಪ ಹತ್ತಿತ್ತು.

ಮಕ್ಕಳ ಪ್ರಶ್ನೆಗೆ ನಮ್ಮ ಗುಂಪಿನ ನಿವೃತ್ತ ದಾದಿಯವರು ನನಗಿಂತ ಚೆನ್ನಾಗಿ ಉತ್ತರಿಸಿದರು. ಮಕ್ಕಳ ಕೈಗೆ ಸಾಧನ ಸಿಗುವುದು ಮಾರಾಟದ ದಾರಿಯಲ್ಲಿ. ಅಲ್ಲಿ ವಯಸ್ಸಿನ ತಪಾಸಣೆ ಮಾಡಿ, ತಪ್ಪಿದವರ ಪರವಾನಗಿ ರದ್ದುಮಾಡಿ, ನಾನೂ ನಿಮ್ಮ ಜೊತೆ ಇರುತ್ತೇನೆ ಎಂದರು. ಐವತ್ತು ದಾಟಿದ ಲಾರಿ ಚಾಲಕನನ್ನು ಉದ್ಯಾನದಿಂದ ಓಡಿಸಿದರೆ ಶಾಲೆಯ ಶೌಚಾಲಯ ಸ್ವಚ್ಛವಾಗುವುದಿಲ್ಲ ಎಂದು ಅವರು ಹೇಳಿದಾಗ ಸಭೆಯಲ್ಲಿ ಎರಡೂ ಪಕ್ಷದವರು ಸುಮ್ಮನೆ ಕೇಳಿದರು. ಜಾರಿ ಸುಲಭ ಎಂಬ ಮೂರನೆಯ ಕಾರಣವನ್ನು ನಾವು ಬರಹದಲ್ಲಿ ಮಾತ್ರ ಎತ್ತಿಕೊಂಡೆವು: ಸಿಗರೇಟಿಗೆ ಬೆಂಕಿ, ಬೂದಿ, ಬಿಡಿಸಲಾಗದ ವಾಸನೆ ಇರುತ್ತವೆ, ಗುರುತಿಸಲಾಗುವುದಿಲ್ಲ ಎಂಬುದು ನಿಲ್ಲುವ ವಾದವಲ್ಲ.

ಮೊದಲ ವಾಚನದಲ್ಲಿ, ಅಂದರೆ ಕರಡು ಸಭೆಯ ಮುಂದೆ ಮೊದಲ ಬಾರಿ ಬಂದಾಗ, ಮತ ಹಾಕದೆ, ಕರಡನ್ನು ಉಪಸಮಿತಿಗೆ ಕಳಿಸಲಾಯಿತು. ಹೊರಗಿನವರಿಗೆ ಇದು ಮುಂದೂಡಿಕೆಯಂತೆ ಕಾಣುತ್ತದೆ, ಆದರೆ ನಿಜವಾದ ಕೆಲಸ ನಡೆಯುವುದು ಇಲ್ಲಿಯೇ. ನಗರ ವಕೀಲರು ನಮ್ಮ ಬದಲಿ ಪಠ್ಯವನ್ನು ಸಾಲು ಸಾಲಾಗಿ ಪರಿಶೀಲಿಸಿದರು. ವ್ಯಾಖ್ಯೆಗಳನ್ನು ಬೇರ್ಪಡಿಸಿದರೆ ಮುಂದೆ ಒಂದನ್ನು ಮುಟ್ಟದೆ ಇನ್ನೊಂದನ್ನು ತಿದ್ದಬಹುದು ಎಂಬ ಅನುಕೂಲ ಅವರಿಗೆ ಹಿಡಿಸಿತು. ಒಳಾಂಗಣದ ತೀರ್ಮಾನವನ್ನು ಮಾಲೀಕರಿಗೆ ಬಿಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಉದಾಹರಣೆಯನ್ನು ನಾನು ಅಲ್ಲಿ ಮುಂದಿಟ್ಟೆ. ಸಾರ್ವಜನಿಕ ಸ್ಥಳಗಳಲ್ಲಿ ಇ-ಸಿಗರೇಟನ್ನು ನಿರ್ಬಂಧಿಸುವ ಅಂಶವಿದ್ದ ಸಾರ್ವಜನಿಕ ಆರೋಗ್ಯ ಮಸೂದೆ ಅಲ್ಲಿನ ಶಾಸನಸಭೆಯಲ್ಲಿ 2016ರ ಮಾರ್ಚಿನಲ್ಲಿ ಬಿದ್ದುಹೋಯಿತು. 2017ರಲ್ಲಿ ಆ ಅಂಶವನ್ನು ಕೈಬಿಟ್ಟು ಉಳಿದದ್ದನ್ನು ಕಾನೂನು ಮಾಡಿದರು. ಒಳ್ಳೆಯ ಕಾನೂನೇ ತಡವಾದ ಈ ಪ್ರಸಂಗ ಉಪಸಮಿತಿಯ ಅಧ್ಯಕ್ಷರ ಗಮನ ಸೆಳೆಯಿತು ಎಂದು ಅವರೇ ನಂತರ ಹೇಳಿದರು.

ಇದೇ ಅವಧಿಯಲ್ಲಿ, ನವೆಂಬರ್ 8ರಂದು, ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಶ್ವಾಸಕೋಶದ ಗಾಯಗಳ ಬಗ್ಗೆ ಮಹತ್ವದ ಫಲಿತಾಂಶವನ್ನು ಪ್ರಕಟಿಸಿತು. ಹತ್ತು ರಾಜ್ಯಗಳ 29 ರೋಗಿಗಳ ಶ್ವಾಸಕೋಶದಿಂದ ತೆಗೆದ ದ್ರವದ ಮಾದರಿಗಳೆಲ್ಲದರಲ್ಲಿಯೂ ವಿಟಮಿನ್ ಇ ಅಸಿಟೇಟ್ ಎಂಬ ವಸ್ತು ಸಿಕ್ಕಿತ್ತು. ಗಾಂಜಾದ ಅಂಶವಾದ ಟಿಎಚ್‌ಸಿ ಇರುವ ದ್ರವಗಳಿಗೆ ಬೆರೆಸುತ್ತಿದ್ದ ವಸ್ತು ಅದು. ನಾನು ಆ ಪ್ರಕಟಣೆಯನ್ನು ಕೂಡಲೇ ಕಡತಕ್ಕೆ ಸೇರಿಸಲು ಕೊಟ್ಟೆ, ಮತ್ತು ತನಿಖೆ ಇನ್ನೂ ಮುಗಿದಿಲ್ಲ ಎಂಬ ಸಿಡಿಸಿಯ ಎಚ್ಚರಿಕೆಯ ಸಾಲಿಗೂ ಗೆರೆ ಎಳೆದಿದ್ದೆ. 2020ರ ಫೆಬ್ರುವರಿಯ ವೇಳೆಗೆ 2,807 ಜನ ಈ ಗಾಯದಿಂದ ಆಸ್ಪತ್ರೆ ಸೇರಿದ್ದರು ಅಥವಾ ಪ್ರಾಣ ಕಳೆದುಕೊಂಡಿದ್ದರು; ಅವರಲ್ಲಿ ಸತ್ತವರು 68 ಮಂದಿ. ಆ ಸಾವುಗಳ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಕಳ್ಳದಾರಿಯಲ್ಲಿ ಮಾರಿದ ಕಲಬೆರಕೆ ದ್ರವದ ಪಾಪವನ್ನು ಬಸ್ ನಿಲ್ದಾಣದಲ್ಲಿ ನಿಂತ ಬೇರೊಬ್ಬನ ತಲೆಗೆ ಕಟ್ಟಿದರೆ ಸತ್ತವರಿಗೂ ನ್ಯಾಯ ಸಿಗುವುದಿಲ್ಲ.

ಎರಡನೆಯ ವಾಚನಕ್ಕೆ ಬಂದ ಕರಡು ಮೊದಲಿನದಕ್ಕಿಂತ ಬಹಳ ಬದಲಾಗಿತ್ತು. ಇ-ಸಿಗರೇಟಿಗೆ ಪ್ರತ್ಯೇಕ ವ್ಯಾಖ್ಯೆ ಬಂದಿತ್ತು. ಉದ್ಯಾನ ಮತ್ತು ಬೀದಿಯ ನಿಷೇಧ ಹೋಗಿತ್ತು, ಆದರೆ ಮಕ್ಕಳ ಆಟದ ಜಾಗಗಳಲ್ಲಿ ಉಳಿದಿತ್ತು. ವಯಸ್ಕರಿಗೆ ಮಾತ್ರ ಪ್ರವೇಶವಿರುವ ಅಂಗಡಿಗಳಿಗೆ ವಿನಾಯಿತಿ ಸಿಕ್ಕಿತ್ತು. ಧೂಮಪಾನಿಗಳಿಗೆಂದು ಗುರುತಿಸಿದ ಜಾಗದಿಂದ ದೂರದಲ್ಲಿ ಇ-ಸಿಗರೇಟು ಬಳಸುವವರಿಗೆ ಬೇರೆ ಜಾಗ ಮಾಡಿಕೊಡಲು ಉದ್ಯೋಗದಾತರಿಗೆ ಸ್ಪಷ್ಟ ಅವಕಾಶ ಕೊಡುವ ಸಾಲು, ನಾನು ಬರೆದ ಮಾತುಗಳಿಗೆ ಬಹಳ ಹತ್ತಿರವಾಗಿ, ಸೇರಿತ್ತು. ಹೋಟೆಲು ಮತ್ತು ಕಚೇರಿಗಳ ಒಳಗಿನ ನಿಷೇಧ ಹಾಗೆಯೇ ಉಳಿಯಿತು. ಅದರ ವಿರುದ್ಧ ನಮ್ಮ ಪರ ಮಾತಾಡಿದ ಸದಸ್ಯರು ಅಲ್ಪಮತಕ್ಕೆ ಬಿದ್ದರು. ಹೋಟೆಲಿನ ವಿಷಯದಲ್ಲಿ ನನಗೆ ಅಷ್ಟು ಬೇಸರವಿಲ್ಲ. ಒಬ್ಬರೇ ಕೂರುವ ಕಚೇರಿಯಲ್ಲಿ, ಮಾಲೀಕರ ಒಪ್ಪಿಗೆ ಇದ್ದಾಗಲೂ, ನಗರಸಭೆ ಕೈಹಾಕುವುದು ಅತಿಯಾಯಿತು ಎಂಬ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ. ಎರಡು ವರ್ಷಕ್ಕೊಮ್ಮೆ ನಿಯಮವನ್ನು ಹೊಸ ಸಾಕ್ಷ್ಯದ ಬೆಳಕಿನಲ್ಲಿ ಮರುಪರಿಶೀಲಿಸಬೇಕು ಎಂಬ ನಮ್ಮ ಕೋರಿಕೆಯನ್ನೂ ಅವರು ಸ್ವೀಕರಿಸಲಿಲ್ಲ, ಮತ್ತು ನನ್ನ ಲೆಕ್ಕದಲ್ಲಿ ನಾವು ಕಳೆದುಕೊಂಡದ್ದರಲ್ಲಿ ಅತಿ ದೊಡ್ಡದು ಅದೇ.

ಮರುಪರಿಶೀಲನೆ ಏಕೆ ಬೇಕಿತ್ತು ಎಂಬುದನ್ನು ಮುಂದಿನ ವರ್ಷಗಳು ತೋರಿಸಿದವು. 2019ರ ಡಿಸೆಂಬರಿನಲ್ಲಿ ದೇಶದಾದ್ಯಂತ ತಂಬಾಕು ಮತ್ತು ಇ-ಸಿಗರೇಟು ಕೊಳ್ಳುವ ಕನಿಷ್ಠ ವಯಸ್ಸು 21ಕ್ಕೆ ಏರಿತು. ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಶೇ. 27.5ರಷ್ಟಿದ್ದ ಬಳಕೆ 2024ರ ಸಮೀಕ್ಷೆಯಲ್ಲಿ ಶೇ. 7.8ಕ್ಕೆ ಇಳಿದಿತ್ತು. ಇಳಿಕೆಗೆ ಯಾವ ಒಂದು ಕ್ರಮವೇ ಕಾರಣ ಎಂದು ನಾನು ಹೇಳಲಾರೆ. ಆದರೆ 2019ರ ಭಯದಲ್ಲಿ ಬರೆದ ವಾಕ್ಯವೊಂದು, ಆ ಭಯಕ್ಕೆ ಕಾರಣವಾದ ಅಂಕಿಗಳೆಲ್ಲ ಬದಲಾದ ಮೇಲೂ, ಯಾರೂ ಮರಳಿ ಓದದೆ ಪುಸ್ತಕದಲ್ಲಿ ಉಳಿದುಬಿಡುವುದು ಸರಿಯಲ್ಲ.

ಇದೀಗ ಬಾಡಿಗೆ ವಸತಿ ಸಮುಚ್ಚಯಗಳ ಒಳಗೂ, ಅಂದರೆ ಜನರ ಸ್ವಂತ ಕೋಣೆಗಳಲ್ಲಿಯೂ, ಧೂಮಪಾನದ ಜೊತೆಗೆ ಇ-ಸಿಗರೇಟನ್ನು ನಿಷೇಧಿಸುವ ಪ್ರಸ್ತಾವ ಕಾರ್ಯಸೂಚಿಯಲ್ಲಿ ಬಂದಿದೆ. ಸಿಗರೇಟಿನ ಹೊಗೆ ಗೋಡೆಯ ಸಂದುಗಳಿಂದ ಪಕ್ಕದ ಮನೆಗೆ ಹರಿಯುತ್ತದೆ ಎಂಬುದಕ್ಕೆ ಅವರ ವರದಿಯಲ್ಲಿ ಒಳ್ಳೆಯ ಪುರಾವೆಗಳಿವೆ; ಇ-ಸಿಗರೇಟಿನ ಹೆಸರು ಮಾತ್ರ ಯಾವ ಪುರಾವೆಯೂ ಇಲ್ಲದೆ ಅದರ ಪಕ್ಕದಲ್ಲಿ ಕೂತಿದೆ. ಒಂಟಿಯಾಗಿ ವಾಸಿಸುವ ನಮ್ಮ ಹಿರಿಯ ಸಂಗಾತಿ ಈ ಬಾರಿ ತಾವೇ ಮೊದಲು ಮಾತಾಡುವುದಾಗಿ ಹೇಳಿದ್ದಾರೆ. ಧೂಮಪಾನದ ನಿಷೇಧವನ್ನು ಬೆಂಬಲಿಸಿ, ಇ-ಸಿಗರೇಟಿನ ಹೆಸರನ್ನು ತೆಗೆಯಬೇಕೆಂದು ಕೋರುವ ಬದಲಿ ಪಠ್ಯವನ್ನು ಕಾರ್ಯದರ್ಶಿಗೆ ಕಳಿಸಿದ್ದೇವೆ. ಅಹವಾಲಿನ ದಿನಾಂಕ ಇನ್ನೂ ಪ್ರಕಟವಾಗಬೇಕಿದೆ.